ಏಳನೆಯ ಡಬ್ಬಿ

"ನಿಮ್ಮ ಚರ್ಮ ತುಂಬಾ ಸುಸ್ತಾಗಿದೆ ಮೇಡಂ."

ತಲೆಗೆ ಗುಲಾಬಿ ಬಣ್ಣದ ಟವೆಲ್ ಸುತ್ತಿಸಿಕೊಂಡು, ಮುಖಕ್ಕೆ ತಣ್ಣಗಿನದೇನನ್ನೋ ಬಳಿಸಿಕೊಂಡು ಪಾರ್ಲರಿನ ಕುರ್ಚಿಯಲ್ಲಿ ಒರಗಿದ್ದ ಲಿಟ್ಮಸ್ ಅತ್ತೆ ಹಲ್ಲು ಕಚ್ಚಿಕೊಂಡಳು. ಮೂವತ್ತೆರಡು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಮುಲಾಮು, ಮಾತ್ರೆ, ಟಾನಿಕ್ಕುಗಳ ಬಣ್ಣ ಬಯಲು ಮಾಡಿ ನಿವೃತ್ತಳಾದವಳು ಅವಳು. ಚರ್ಮ ಒಣಗುವುದು ಗೊತ್ತಿತ್ತು, ಸುಲಿಯುವುದು ಗೊತ್ತಿತ್ತು. ಸುಸ್ತಾಗುವುದು ಮಾತ್ರ ಇವತ್ತೇ ತಿಳಿದದ್ದು. ಅದೇನು ಮೂಟೆ ಹೊತ್ತು ಬಂದಿತ್ತೇ?

"ಹೌದೇನಮ್ಮಾ? ಪಾಪ, ಅದಕ್ಕೆ ಏನಾದ್ರೂ ಮಾಡಿ," ಎಂದಳು, ಆದಷ್ಟು ದೀನಳಾಗಿ. ದೈನ್ಯ ಅವಳಿಗೆ ಅಭ್ಯಾಸವಿಲ್ಲದ ಸಂಗತಿ. ಮಾತು ಮುಗಿಯುವಷ್ಟರಲ್ಲಿ ದವಡೆ ನೋಯತೊಡಗಿತು.

ಕೆಳಗೆ ಕನ್ನಡಕದ ಅಂಗಡಿ, ಮೇಲೆ ಈ ಒಂದೂವರೆ ಕೋಣೆಯ ಪಾರ್ಲರು. ಬಾಗಿಲ ಮೇಲೆ 'ಹೊಳಪು' ಎಂಬ ಬೋರ್ಡು. ಒಳಗೆ ಎರಡು ಕುರ್ಚಿ, ಒಂದರ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿತ್ತು. ಕನ್ನಡಿಯ ಸುತ್ತ ಧೂಳು ಹಿಡಿದ ಪ್ಲಾಸ್ಟಿಕ್ ಬಳ್ಳಿ. ಗೋಡೆ ತುಂಬ ಮೊಡವೆಯನ್ನೇ ಕಾಣದ ಹುಡುಗಿಯರ ಪಟಗಳು. ಒಡತಿಗೆ ಅತ್ತೆ ಒಳಗೆ ಕಾಲಿಟ್ಟ ಕ್ಷಣವೇ ಹೊಳಪಮ್ಮ ಎಂದು ನಾಮಕರಣ ಮಾಡಿಬಿಟ್ಟಿದ್ದಳು. ನಲವತ್ತರ ಆಸುಪಾಸು, ನಯವಾದ ದನಿ, ಎರಡೂ ಕೈಯಲ್ಲಿ ಸೇರಿ ನಾಲ್ಕು ಚಿನ್ನದ ಉಂಗುರ.

ಅತ್ತೆ ಅಲ್ಲಿಗೆ ಚಂದ ಮಾಡಿಸಿಕೊಳ್ಳಲು ಬಂದಿರಲಿಲ್ಲ. ಅವಳ ತಮ್ಮನ ಮಗಳು, ಹದಿನೈದು ವರ್ಷದ ಪಿಟೀಲು, ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿದ್ದಳು: ಕಾಲು ಊದಿತ್ತು, ಕಿಡ್ನಿ ಕೈಕೊಡುತ್ತಿತ್ತು, ರಕ್ತದಲ್ಲಿ ಪಾದರಸ ಸಿಕ್ಕಿತ್ತು.

ಹುಟ್ಟಿದಾಗ ಸಣ್ಣ ದನಿಯಲ್ಲಿ ಎಡೆಬಿಡದೆ ಕುಯ್ಗುಟ್ಟುತ್ತಿದ್ದಳೆಂದು ಆ ಹುಡುಗಿಗೆ ಪಿಟೀಲು ಎಂದು ಹೆಸರಿಟ್ಟವಳು ಅತ್ತೆ. ಮುಟ್ಟಿದ್ದಕ್ಕೆಲ್ಲ ಬಣ್ಣ ಹೇಳುತ್ತಾಳೆಂದು ಅತ್ತೆಗೆ ಲಿಟ್ಮಸ್ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡವಳು ಪಿಟೀಲು. ಪೊಲೀಸರಿಗೆ ತಲೆಬುಡ ತಿಳಿಯದ ವಿಷದ ಕೇಸುಗಳು ಅತ್ತೆಯ ಬಾಗಿಲಿಗೆ ಬರತೊಡಗಿದ ಮೇಲೆ ಸ್ಟೇಷನ್ನಿನಲ್ಲೂ ಅದೇ ಹೆಸರು ನಿಂತಿತು.

ಈ ಕೇಸು ಮಾತ್ರ ಬಾಗಿಲಿಗೆ ಬಂದದ್ದಲ್ಲ, ಮನೆಯೊಳಗೇ ಹುಟ್ಟಿದ್ದು. ಬೆಳಿಗ್ಗೆ ಏಳಕ್ಕೆ ಕಿಡ್ನಿ ಡಾಕ್ಟರು ಫೋನ್ ಮಾಡಿದ್ದರು. ಆಕೆ ಮಾತು ತೂಕ ಮಾಡಿ ಆಡುವ ಹೆಂಗಸು. ಈ ಒಂಬತ್ತು ದಿನದಲ್ಲಿ ಅತ್ತೆಗೆ ಗೌರವ ಹುಟ್ಟಿದ್ದು ಆಕೆಯೊಬ್ಬಳ ಮೇಲೆಯೇ.

"ಐದನೇ ದಿನ ರಕ್ತದಲ್ಲಿ ಪಾದರಸ ಇಳಿದಿತ್ತು," ಎಂದಿದ್ದರು ಡಾಕ್ಟರು. "ನಿನ್ನೆ ಮತ್ತೆ ಏರಿದೆ."

"ಔಷಧಿ ಕೆಲಸ ಮಾಡ್ತಿಲ್ವಾ?"

"ಔಷಧಿ ಸರಿಯಾಗೇ ಕೆಲಸ ಮಾಡ್ತಿದೆ. ನಾನು ಒಂದು ಕಡೆಯಿಂದ ತೆಗೀತಾ ಇದೀನಿ, ಇನ್ನೊಂದು ಕಡೆಯಿಂದ ಯಾರೋ ತುಂಬ್ತಾ ಇದಾರೆ. ನನ್ನ ವಾರ್ಡಿನೊಳಗೇ. ಇನ್ನೊಂದು ವಾರ ಹೀಗೇ ಆದ್ರೆ ಆ ಕಿಡ್ನಿಗಳನ್ನ ನಾನು ವಾಪಸ್ ತರೋಕಾಗಲ್ಲ."

ಅತ್ತೆ ಫೋನ್ ಕೆಳಗಿಟ್ಟಳು. ಅವಳಿಗೆ ಮಕ್ಕಳಿಲ್ಲ. ತಾಯಿ ಸತ್ತ ಮೇಲೆ ತಮ್ಮನನ್ನು ತಾನೇ ಸಾಕಿದಳು, ತಮ್ಮನ ಮಗಳನ್ನು ತಾನೇ ಆಡಿಸಿದಳು. ಆ ಹುಡುಗಿಗೆ ಏನಾದರೂ ಆದರೆ ತಾನು ಬದುಕಿದ್ದು ದಂಡ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ತಲೆ ಚುರುಕಾಗುತ್ತಿತ್ತು.

ಮುಖಕ್ಕೆ ಹಚ್ಚುವ ಪದಾರ್ಥದಿಂದಲೇ ಪಾದರಸ ಬಂದಿದೆ ಎಂಬುದು ಮೊದಲ ದಿನವೇ ಅವಳಿಗೆ ಖಾತ್ರಿಯಾಗಿತ್ತು. ಎರಡು ತಿಂಗಳಲ್ಲಿ ಹುಡುಗಿಯ ಮುಖದ ಬಣ್ಣ ನಾಲ್ಕು ಪಟ್ಟು ತಿಳಿಯಾಗಿತ್ತು, ಹಾಗೆ ತಿಳಿಯಾಗಲು ದೇವರು ಬಂದು ತೊಳೆದಿರಲಿಲ್ಲ. ಹಚ್ಚಿದ್ದೇನು ಎಂದು ಕೇಳಿದರೆ ಪಿಟೀಲು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಕೋಣೆಯನ್ನೆಲ್ಲ ಜಾಲಾಡಿದರೂ ಡಬ್ಬಿ ಸಿಗಲಿಲ್ಲ.

ಮೆಡಿಕಲ್ ಶಾಪಿನವನನ್ನು ವಿಚಾರಿಸಿದ್ದಾಯಿತು. ಚೀಟಿಯಿಲ್ಲದೆ ಮಕ್ಕಳ ಮುಖಕ್ಕೆ ಸ್ಟೀರಾಯ್ಡ್ ಟ್ಯೂಬು ಮಾರುವ ಮಹಾನುಭಾವ ಅವನು. ಚರ್ಮ ತೆಳುವಾಗಿ, ಮೊಡವೆ ಇಮ್ಮಡಿಯಾಗಿ ಮಕ್ಕಳು ಮತ್ತೆ ಅವನ ಅಂಗಡಿಗೇ ಬರಬೇಕು, ಅದು ಅವನ ವ್ಯಾಪಾರದ ಗುಟ್ಟು. ಅವನಿಗೆ ಬೇರೆ ದಿನ ಬಿಸಿ ಮುಟ್ಟಿಸುವುದೆಂದು ಅತ್ತೆ ಬಿಟ್ಟಳು. ಸ್ಟೀರಾಯ್ಡಿನಲ್ಲಿ ಪಾದರಸವಿರುವುದಿಲ್ಲ.

ಆಮೇಲೆ ಪಿಟೀಲುವಿನ ಸಹಪಾಠಿ. ದಿನಾ ಬೆಳಿಗ್ಗೆ ಹನ್ನೊಂದು ಬಾಟಲಿ ಬಳಿದುಕೊಳ್ಳುವುದನ್ನು ವಿಡಿಯೊ ಮಾಡಿ ಜಗತ್ತಿಗೆ ಹಂಚುವ ಹುಡುಗಿ, ಅತ್ತೆಯ ಬಾಯಲ್ಲಿ ರೀಲ್ಸ್ ರಾಣಿ. ಹದಿನೈದಕ್ಕೇ ಸುಕ್ಕಿನ ಸೀರಮ್ಮು ಹಚ್ಚಿ ಕೆನ್ನೆ ಉರಿಸಿಕೊಂಡು, ಆ ಕೆಂಪನ್ನೇ 'ಗ್ಲೋ' ಎಂದು ಕರೆಯುತ್ತಿದ್ದಳು. ನಿನ್ನೆ ಸಂಜೆ ಅವಳನ್ನು ಕೂರಿಸಿಕೊಂಡು ಅತ್ತೆ ಬೆವರಿಳಿಸಿದಾಗ ಬಾಯಿಬಿಟ್ಟಿದ್ದು ಒಂದೇ ಮಾತು: "ಅವಳು ಹೊಳಪು ಪಾರ್ಲರಿಗೆ ಹೋಗ್ತಿದ್ಲು ಆಂಟಿ."

ಮೂರನೆಯವಳು ತಮ್ಮನ ಹೆಂಡತಿ. ಆಕೆಯ ವಿಷಯಕ್ಕೆ ಬಂದರೆ ಅತ್ತೆಗೆ ಪುರಾವೆಯ ಅಗತ್ಯವೇ ಬೀಳುತ್ತಿರಲಿಲ್ಲ. ಮಗಳು ಹುಟ್ಟಿದ ದಿನವೇ ಮಗುವಿನ ಕಿವಿಯ ಹಿಂದಿನ ಬಣ್ಣ ನೋಡಿ ನಿಟ್ಟುಸಿರು ಬಿಟ್ಟವಳು. ಬಿಸಿಲಿಗೆ ಹೋಗಬೇಡ, ಫೋಟೊದಲ್ಲಿ ಮುಂದೆ ನಿಲ್ಲಬೇಡ ಎಂದು ಹದಿನೈದು ವರ್ಷ ಆ ಹುಡುಗಿಯ ಕಿವಿ ಕಚ್ಚಿದವಳು. ವಾರ್ಡಿನಲ್ಲಿ ಬೆಳಿಗ್ಗೆ ಆಕೆ, ಮಧ್ಯಾಹ್ನ ತಮ್ಮ, ಸಂಜೆ ಅತ್ತೆ, ರಾತ್ರಿ ಮತ್ತೆ ತಮ್ಮ ಸರದಿಯಲ್ಲಿ ಕೂರುತ್ತಿದ್ದರು. ಡಬ್ಬಿ ಒಳಗೆ ಹೋಗುತ್ತಿದ್ದುದು ಯಾರ ಸೆರಗಿನಲ್ಲಿ ಎಂದು ಊಹಿಸಲು ಲ್ಯಾಬು ಬೇಕಿರಲಿಲ್ಲ. ಬೇಕಾಗಿದ್ದುದು ಡಬ್ಬಿ.

"ಮನೇಲಿ ಟೀನೇಜ್ ಮಕ್ಕಳಿದ್ದಾರಾ ಮೇಡಂ?" ಹೊಳಪಮ್ಮ ಕೆನ್ನೆ ತಿಕ್ಕುತ್ತ ಕೇಳಿದಳು.

"ತಮ್ಮನ ಮಗಳಿದ್ದಾಳೆ. ಮುಖ ತುಂಬಾ ಮೊಡವೆ."

"ಅಯ್ಯೋ, ಈಗಲೇ ನೋಡ್ಕೊಳ್ಳದಿದ್ರೆ ಕಲೆ ಹಾಗೇ ನಿಂತ್ಬಿಡುತ್ತೆ. ನಮ್ಮಲ್ಲಿ ಟೀನ್ ಕಿಟ್ ಅಂತ ಇದೆ. ಪೂರ್ತಿ ನ್ಯಾಚುರಲ್. ಏಳು ಸ್ಟೆಪ್. ಅದನ್ನೇ ಈಗ ನಿಮಗೂ ಹಾಕ್ತಾ ಇರೋದು."

"ನಂಗೂ? ಅರವತ್ತೆರಡಕ್ಕೂ ಅದೇ, ಹದಿನೈದಕ್ಕೂ ಅದೇನಾ?"

"ಚರ್ಮ ಚರ್ಮಾನೇ ಅಲ್ವಾ ಮೇಡಂ!"

ಅತ್ತೆ ತೆಪ್ಪಗಿದ್ದಳು. ಅವಳ ನಾಲಿಗೆ ಸುಮ್ಮನಿದ್ದದ್ದನ್ನು ಹಳೆಯ ಸಹೋದ್ಯೋಗಿಗಳು ಕಂಡಿದ್ದರೆ ಆಂಬುಲೆನ್ಸ್ ಕರೆಸುತ್ತಿದ್ದರು.

ಅವಳು ಕನ್ನಡಕ ಕೇಳಿ ತೆಗೆದುಕೊಂಡು, ಟ್ರೇಯಲ್ಲಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಹಿಂದಿನ ಸಣ್ಣಕ್ಷರ ಓದತೊಡಗಿದಳು. ಮೊದಲನೆಯದು ಫೇಸ್‌ವಾಶು, ಪಾತ್ರೆ ತೊಳೆಯುವಷ್ಟು ನೊರೆ. ಎರಡನೆಯದರಲ್ಲಿ ಮದ್ಯಸಾರ. ಮೂರನೆಯದು ಗ್ಲೈಕೋಲಿಕ್ ಆಸಿಡ್, ಪ್ರಮಾಣ ಎಷ್ಟೆಂದು ಬರೆದಿರಲಿಲ್ಲ. ನಾಲ್ಕನೆಯದು ಆಕ್ರೋಟಿನ ಸಿಪ್ಪೆಯ ಪುಡಿ ಹಾಕಿದ ಸ್ಕ್ರಬ್ಬು, ಬಾಗಿಲಿನ ಪೇಂಟು ಉಜ್ಜಲು ತಕ್ಕದ್ದು. ಐದನೆಯದರಲ್ಲಿ ರೆಟಿನಾಲು. ಸುಕ್ಕು ಎಂದರೇನೆಂದು ಇನ್ನೂ ಗೊತ್ತಿಲ್ಲದ ಮುಖಕ್ಕೆ ಸುಕ್ಕಿನ ಮದ್ದು. ಆರನೆಯದು ಬರೀ ಸುಗಂಧ.

ಹರೆಯದ ಚರ್ಮಕ್ಕೆ ಬೇಕಾದ್ದು ಇಷ್ಟೇ ಇಷ್ಟು. ಮುಖ ಬಿಗಿಯದಂಥ ಸೌಮ್ಯವಾದ ಫೇಸ್‌ವಾಶು, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರು, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನು. ಮೊಡವೆ ಜಾಸ್ತಿಯಾದರೆ ಚರ್ಮದ ಡಾಕ್ಟರು. ಅಷ್ಟು ಹೇಳಿದರೆ ಯಾರು ಕೇಳುತ್ತಾರೆ? ಹೊಳೆಯುವ ಮುಚ್ಚಳವಿಲ್ಲ, ವಿಡಿಯೊ ಇಲ್ಲ, ಏಳು ಹಂತವಿಲ್ಲ. ಬುದ್ಧಿ ಹೇಳುವವರ ಮುಖಕ್ಕೆ ಹೊಳಪೂ ಇರುವುದಿಲ್ಲ.

ಏಳನೆಯದು ಪುಟ್ಟ ಬಿಳಿ ಡಬ್ಬಿ. ಅತ್ತೆ ತಿರುಗಿಸಿ ನೋಡಿದಳು. ಹಿಂದೆ ಖಾಲಿ, ಅಡಿಯಲ್ಲೂ ಖಾಲಿ. ಏನೇನು ಸೇರಿಸಿದೆ ಎಂಬ ಪಟ್ಟಿ ಆರಕ್ಕೂ ಇತ್ತು, ಇದಕ್ಕಿರಲಿಲ್ಲ.

"ಇದರಲ್ಲಿ ಏನೇನಿದೆಯಮ್ಮಾ?"

"ಅದು ನಮ್ಮ ಸ್ವಂತದ್ದು ಮೇಡಂ. ನಾನೇ ಕಲಸೋದು. ಹಾಲಿನ ಕೆನೆ, ಗುಲಾಬಿ ಎಸಳು, ಒಂಚೂರು ಪುಡಿ."

"ಎಂಥ ಪುಡಿ?"

"ಅಜ್ಜಿ ಕಾಲದ್ದು." ಹೊಳಪಮ್ಮ ಮುಗುಳ್ನಕ್ಕು ಡಬ್ಬಿಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು. "ಕಣ್ಣು ಮುಚ್ಕೊಳ್ಳಿ. ಈಗ ಅದನ್ನೇ ಹಾಕೋದು."

ಅತ್ತೆ ಮುಚ್ಚಿದಂತೆ ಮಾಡಿ ರೆಪ್ಪೆಯ ಸಂದಿಯಿಂದ ಕನ್ನಡಿ ನೋಡುತ್ತಿದ್ದಳು.

ಹೊಳಪಮ್ಮ ಕೈ ಒರೆಸಿಕೊಂಡಳು. ಬಲಗೈಯ ಎರಡು ಉಂಗುರ ತೆಗೆದಳು, ಎಡಗೈಯ ಎರಡು ತೆಗೆದಳು. ಕನ್ನಡಿಯ ಪಕ್ಕದ ಪಿಂಗಾಣಿ ತಟ್ಟೆಗೆ ನಾಲ್ಕನ್ನೂ ಹಾಕಿ, ತಟ್ಟೆಯನ್ನು ಅಷ್ಟು ದೂರ ಸರಿಸಿದಳು. ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸಿದಳು.

ಅತ್ತೆ ರೆಪ್ಪೆ ಪೂರ್ತಿ ತೆರೆದಳು.

ಮುಕ್ಕಾಲು ಗಂಟೆಯಿಂದ ಆ ಉಂಗುರಗಳ ಕೈಯೇ ತನ್ನ ಮುಖ ತಿಕ್ಕುತ್ತಿತ್ತು. ನೊರೆ ಹಚ್ಚಿದಾಗ ಉಂಗುರವಿತ್ತು, ಸ್ಕ್ರಬ್ಬು ಉಜ್ಜಿದಾಗ ಇತ್ತು, ಕೆನ್ನೆಗೆ ಒಂದೆರಡು ಬಾರಿ ಗೀರಿಯೂ ಇತ್ತು. ಆಸಿಡ್ಡಿಗೂ ತೆಗೆಯದ ಉಂಗುರವನ್ನು ಹಾಲಿನ ಕೆನೆಗೆ ತೆಗೆಯುತ್ತಾರೆಯೇ?

"ನಿಲ್ಲಿಸಿ," ಎಂದಳು ಅತ್ತೆ.

ಹೊಳಪಮ್ಮನ ಬೆರಳು ಗಾಳಿಯಲ್ಲೇ ನಿಂತಿತು. ಅತ್ತೆ ಎದ್ದು ಕೂತಳು. ತಲೆಯ ಮೇಲೆ ಟವೆಲ್ಲು ಗೋಪುರದಂತಿತ್ತು, ಹಣೆಯ ಮೇಲೆ ಸ್ಕ್ರಬ್ಬಿನ ಚೂರುಗಳಿದ್ದವು. ಅವಳ ಕಣ್ಣು ನೋಡಿದವರಿಗೆ ನಗು ಬರುವಂತಿರಲಿಲ್ಲ.

"ಉಂಗುರ ಹಾಕ್ಕೊಳ್ಳಿ."

"ಏನು ಮೇಡಂ?"

"ಉಂಗುರ ಹಾಕ್ಕೊಂಡು ಹಚ್ಚಿ. ನಂಗೆ ಉಂಗುರದ ಕೈ ಇಷ್ಟ."

"ಇಲ್ಲ ಮೇಡಂ, ಕ್ರೀಮು ಮೆತ್ತಿಕೊಳ್ಳುತ್ತೆ..."

"ಸ್ಕ್ರಬ್ಬು ಮೆತ್ತಿಕೊಂಡಿದೆ. ನೊರೆ ಮೆತ್ತಿಕೊಂಡಿದೆ. ಅದಕ್ಕಿಲ್ಲದ ಮಡಿ ಇದಕ್ಕೇನು? ಹಾಕ್ಕೊಳ್ಳಿ."

ಹೊಳಪಮ್ಮ ತಟ್ಟೆಯನ್ನು ನೋಡಿದಳು, ತನ್ನ ಬೆರಳ ತುದಿಯಲ್ಲಿದ್ದ ಬಿಳಿ ಕ್ರೀಮನ್ನು ನೋಡಿದಳು. ಉಂಗುರಕ್ಕೆ ಕೈ ಹಾಕಲಿಲ್ಲ.

"ಸರಿ, ನೀವು ಬೇಡ." ಅತ್ತೆ ತಟ್ಟೆಯಿಂದ ದೊಡ್ಡ ಉಂಗುರವೊಂದನ್ನು ಎತ್ತಿಕೊಂಡಳು. "ನಾನೇ ಈ ಡಬ್ಬಿಯೊಳಗೆ ಅದ್ದಿ ತೆಗೀತೀನಿ. ಹಾಲಿನ ಕೆನೆ ತಾನೇ? ಪಳಪಳ ಅನ್ನುತ್ತೆ."

"ಬೇಡ! ಬೇಡ, ಹಾಳಾಗುತ್ತೆ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಹೊಳಪಮ್ಮ ತುಟಿ ಕಚ್ಚಿಕೊಂಡಳು. ಕೆಳಗಿನ ಅಂಗಡಿಯಲ್ಲಿ ಯಾರೋ ಗಾಜು ಉಜ್ಜುವ ಯಂತ್ರ ಹಾಕಿದರು, ನೆಲ ಸಣ್ಣಗೆ ಗುಂಯ್‌ಗುಟ್ಟಿತು.

"ಹೇಗೆ ಹಾಳಾಗುತ್ತೆ?" ಅತ್ತೆಯ ದನಿ ತಣ್ಣಗಿತ್ತು. "ಹೇಳಿ, ಕೇಳೋಣ."

"ಬೆಳ್ಳಗಾಗುತ್ತೆ ಅಂತೆ."

"ಯಾರು ಹೇಳಿದ್ರು?"

"ಪುಡಿ ತಂದುಕೊಡೋನು. ಚಿನ್ನ ಬೆಳ್ಳಿ ಹತ್ರ ತರಬೇಡಿ ಅಂದ."

"ಅವನು ಯಾಕೆ ಹಾಗಂದ ಅಂತ ಕೇಳಿದ್ರಾ?"

"ಇಲ್ಲ."

"ಕೇಳ್ಬೇಕು ಅಂತ ಅನ್ನಿಸಲೂ ಇಲ್ಲ. ಅಲ್ವಾ?" ಅತ್ತೆ ಉಂಗುರವನ್ನು ತಟ್ಟೆಗೆ ಎಸೆದಳು. "ಪಾದರಸ ತಾಯಿ ಅದು. ಪಾದರಸದ ಉಪ್ಪು. ಚಿನ್ನಕ್ಕೆ ತಾಗಿದ್ರೆ ಚಿನ್ನವನ್ನೇ ತಿನ್ನುತ್ತೆ. ನಿಮ್ಮ ಉಂಗುರಕ್ಕಾಗಬಾರದು, ಹದಿನೈದು ವರ್ಷದ ಹುಡುಗಿ ಮುಖಕ್ಕಾಗಬಹುದು! ಉಂಗುರ ತಟ್ಟೆಯಲ್ಲಿ ಭದ್ರ, ಹುಡುಗಿ ಆಸ್ಪತ್ರೆಯಲ್ಲಿ. ಎಂಥಾ ಲೆಕ್ಕಾಚಾರ ನಿಮ್ಮದು? ನಾಚಿಕೆ ಅನ್ನೋದನ್ನ ಎಷ್ಟನೇ ಸ್ಟೆಪ್ಪಲ್ಲಿ ತೊಳಕೊಂಡ್ರಿ?"

ಹೊಳಪಮ್ಮನ ಮುಖದ ಮೇಕಪ್ಪಿನಡಿಯಲ್ಲಿ ಬಣ್ಣ ಇಳಿದುಹೋಯಿತು. ಅತ್ತೆಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ. ಗೊತ್ತಿದ್ದು ವಿಷ ಮಾರುವವರನ್ನು ಅವಳು ಕಂಡಿದ್ದಳು, ಗೊತ್ತಿಲ್ಲದೆ ಮಾರುವವರನ್ನೂ ಕಂಡಿದ್ದಳು. ಗೊತ್ತಾಗದ ಹಾಗೆ ನೋಡಿಕೊಂಡು ಮಾರುವ ಈ ಮೂರನೆಯ ಜಾತಿ ಅವಳಿಗೆ ಎಲ್ಲಕ್ಕಿಂತ ಹೇಸಿಗೆ.

"ನೀವು ಪೊಲೀಸಾ?"

"ಅದಕ್ಕಿಂತ ಕೆಟ್ಟವಳು. ಆ ಹುಡುಗಿಯ ಅತ್ತೆ." ಅವಳು ಫೋನಿನಲ್ಲಿ ಪಿಟೀಲುವಿನ ಫೋಟೊ ತೆಗೆದು ಮುಂದೆ ಹಿಡಿದಳು. "ಗೊತ್ತಾ?"

ಹೊಳಪಮ್ಮ ನೋಡಿದಳು. ಕುರ್ಚಿಯ ಹಿಡಿ ಹಿಡಿದುಕೊಂಡಳು.

"ಗೊತ್ತು. ಸ್ಕೂಲ್ ಯೂನಿಫಾರ್ಮಲ್ಲೇ ಬಂದಿದ್ಲು, ಒಬ್ಬಳೇ. ಎಲ್ಲರೂ ನನ್ನ ಫೋಟೊದಿಂದ ಕ್ರಾಪ್ ಮಾಡ್ತಾರೆ ಆಂಟಿ ಅಂತ ಅತ್ತುಬಿಟ್ಲು. ನಂಗೂ ಹೊಟ್ಟೆ ಚುರುಕ್ ಅಂತು. ಅದಕ್ಕೇ ಕೊಟ್ಟೆ."

"ಹೊಟ್ಟೆ ಚುರುಕ್ ಅಂದಿದ್ದಕ್ಕೆ ವಿಷ ಕೊಟ್ರಿ. ಇನ್ನು ಸಿಟ್ಟು ಬಂದಿದ್ರೆ ಏನು ಕೊಡ್ತಿದ್ರೋ!"

"ಅವಳು ಆಸ್ಪತ್ರೇಲಿದ್ದಾಳೆ ಅಂತ ನಂಗೆ ಗೊತ್ತಿರಲಿಲ್ಲ. ನಾನೂ ಮಗಳನ್ನ ಹೆತ್ತವಳು ಮೇಡಂ."

"ನಿಮ್ಮ ಮಗಳಿಗೂ ಇದನ್ನೇ ಹಚ್ತೀರಾ?"

ಹೊಳಪಮ್ಮ ತಟ್ಟೆಯ ಉಂಗುರಗಳನ್ನು ಸರಿಮಾಡತೊಡಗಿದಳು. ಅತ್ತೆ ಅದನ್ನೇ ಹೇಳಿಕೆಯೆಂದು ಮನಸ್ಸಿನಲ್ಲಿ ದಾಖಲಿಸಿಕೊಂಡಳು. ಆಮೇಲೆ ಟವೆಲ್ಲು ಬಿಚ್ಚಿ, ಡಬ್ಬಿಯ ಮುಚ್ಚಳ ಬಿಗಿದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಪುಡಿ ಕೊಡೋನ ವಿಚಾರಕ್ಕೆ ಆಮೇಲೆ ಬರ್ತೀನಿ. ಅವನು ಎಲ್ಲೂ ಓಡಲ್ಲ, ಓಡಿದ್ರೂ ಹಿಡೀತೀನಿ. ಈಗ ಒಂದೇ ಪ್ರಶ್ನೆ. ನಮ್ಮ ಹುಡುಗಿ ಒಂಬತ್ತು ದಿನದಿಂದ ಹಾಸಿಗೆಯಿಂದ ಎದ್ದಿಲ್ಲ. ಈ ಕ್ರೀಮು ಅವಳಿಗೆ ಹೇಗೆ ತಲುಪ್ತಾ ಇದೆ?"

"ಅವಳ ಮನೆಯವರೇ ಬಂದು ತಗೊಂಡು ಹೋಗ್ತಾರೆ. ಮಗಳಿಗೆ ಅಂತ ಫೋಟೊ ತೋರಿಸಿ ಕೇಳಿದ್ರು. ಮೊದಲು ಸ್ಯಾಂಪಲ್ ಅಂತ ಒಂಚೂರು ಕೊಟ್ಟೆ, ಮೊನ್ನೆ ಒಂದು ಡಬ್ಬಿ ಕೊಟ್ಟೆ. ಖಾಲಿಯಾಯ್ತು, ಇನ್ನೊಂದು ಬೇಕು ಅಂತ ಬೆಳಿಗ್ಗೆ ಫೋನ್ ಬಂತು. ಹನ್ನೊಂದೂವರೆಗೆ ಬರ್ತೀನಿ ಅಂದ್ರು. ಅವರು ನೋಡೋಕೆ..."

"ಗೊತ್ತು ಬಿಡಿ," ಎಂದು ಅತ್ತೆ ಕೈಯೆತ್ತಿ ತಡೆದಳು. "ಹೇಗಿದ್ದಾರೆ ಅಂತ ನಿಮ್ಮಿಂದ ಕೇಳ್ಬೇಕಾಗಿಲ್ಲ. ಹದಿನೇಳು ವರ್ಷದಿಂದ ಆ ಮುಖ ನೋಡ್ತಾ ಇದೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು.

ಅತ್ತೆಗೆ ಒಂದು ವಿಷಯ ಮಾತ್ರ ಕಿರಿಕಿರಿ ಮಾಡಿತು. ಡಬ್ಬಿ ಪುಟ್ಟದೇ ಆದರೂ ಒಂದು ಮುಖಕ್ಕೆ ಮೂರು ವಾರ ಬರುವಷ್ಟಿತ್ತು. ಎರಡೇ ದಿನಕ್ಕೆ ಹೇಗೆ ಖಾಲಿಯಾಯಿತು? ಮೈಗೆಲ್ಲ ಬಳಿದಳೇ ಮಹಾತಾಯಿ? ಬಳಿದಿದ್ದರೂ ಆಶ್ಚರ್ಯವಿಲ್ಲ ಎಂದುಕೊಂಡು ಹರಿದ ರೆಕ್ಸಿನ್ನಿನ ಕುರ್ಚಿಯನ್ನು ಬಾಗಿಲಿಗೆ ಬೆನ್ನು ಹಾಕಿ, ಕನ್ನಡಿಗೆ ಎದುರಾಗಿ ತಿರುಗಿಸಿಕೊಂಡು ಕೂತಳು. ಕುರ್ಚಿಯ ಬೆನ್ನು ಎತ್ತರವಾಗಿತ್ತು. ಬಂದವರಿಗೆ ಕೂತವರು ಯಾರೆಂದು ಕಾಣುತ್ತಿರಲಿಲ್ಲ. ಅತ್ತೆಗೆ ಕನ್ನಡಿಯಲ್ಲಿ ಬಾಗಿಲು ಕಾಣುತ್ತಿತ್ತು.

"ಮನೆಯವರಿಗೆ ಗೊತ್ತಿಲ್ವಾ ಮೇಡಂ?" ಹೊಳಪಮ್ಮ ಮೆಲ್ಲಗೆ ಕೇಳಿದಳು. "ಪಾದರಸ ಅಂತ?"

"ನಾನು ಹೇಳಿಲ್ಲ."

"ಯಾಕೆ?"

"ಹೇಳಿದ್ರೆ ಅರ್ಥ ಆಗಬೇಕಲ್ಲ. ಒಬ್ಬಳು ಎದೆ ಬಡಕೊಂಡು ಊರಿಗೆಲ್ಲ ಟಾಂ ಟಾಂ ಮಾಡ್ತಾಳೆ, ನೀವು ಡಬ್ಬಿ ಎಲ್ಲಾ ಚರಂಡಿಗೆ ಸುರಿದು ಕೈ ತೊಳ್ಕೊಳ್ತೀರಿ. ರಕ್ತಕ್ಕೆ ನಂಜೇರಿದೆ ಅಂತಷ್ಟೇ ಹೇಳಿದೀನಿ. ಡಾಕ್ಟರೂ ನನ್ನ ಹತ್ರವೇ ಮಾತಾಡೋದು. ಮಿಕ್ಕವರಿಗೆ ಅಷ್ಟು ಸಾಕು."

ಕೈಯಲ್ಲಿ ಪುರಾವೆ ಬರುವ ತನಕ ಬಾಯಿ ಬಿಡಬಾರದು, ಮನೆಯವರೆದುರಂತೂ ಮೊದಲೇ ಬಿಡಬಾರದು. ಅದು ಲ್ಯಾಬಿನ ದಿನಗಳಿಂದ ಅತ್ತೆ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದ ರೀತಿ. ಮಾದರಿಯ ಮೇಲೆ ನಂಬರು ಮಾತ್ರ ಇರಬೇಕು, ಹೆಸರಿರಬಾರದು. ಫಲಿತಾಂಶ ಸಹಿಯಾಗುವ ಮುಂಚೆ ಜವಾನನಿಗೂ ತಿಳಿಯಬಾರದು. ಆ ರೀತಿಯಿಂದಲೇ ಎಷ್ಟೋ ಕಳ್ಳರು ಸಿಕ್ಕಿಬಿದ್ದಿದ್ದರು. ಈಗಲೂ ಒಬ್ಬಳು ಬೀಳುವವಳಿದ್ದಳು. ಆಕೆ ಕೈಗೆ ಸಿಕ್ಕಾಗ ಏನು ಹೇಳಬೇಕೆಂದು ಅತ್ತೆ ಬೆಳಿಗ್ಗೆಯೇ ವಾಕ್ಯ ಜೋಡಿಸಿಟ್ಟುಕೊಂಡಿದ್ದಳು. ಅದರಲ್ಲಿ ಹದಿನೇ‍ಳು ವರ್ಷದ ಬಡ್ಡಿಯೂ ಸೇರಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎರಡೆರಡು ಮೆಟ್ಟಿಲು ಹಾರಿ ಬರುವ ಅವಸರದ ಹೆಜ್ಜೆ.

ಬಾಗಿಲು ತೆರೆಯಿತು.

"ಬೇಗ ಕೊಟ್ಬಿಡಿ ಮೇಡಂ, ಹನ್ನೆರಡಕ್ಕೆ ಸರದಿ ಬದಲು. ಡಾಕ್ಟರು ಬರೋಕೆ ಮುಂಚೆ ಹಚ್ಚಿ ಒರೆಸಿಬಿಡಬೇಕು."

ಕನ್ನಡಿಯಲ್ಲಿ ನಿಂತಿದ್ದವನು ತಮ್ಮ.

ಪುಸ್ತಕ ಬೈಂಡು ಮಾಡುವ ಅವನ ಬೆರಳುಗಳಲ್ಲಿ ಒಣಗಿದ ಅಂಟು, ಅಂಗಿಯ ಒಂದು ಗುಂಡಿ ತಪ್ಪಿ ಹಾಕಿದ್ದು, ಓಡಿ ಬಂದ ಏದುಸಿರು. ಅತ್ತೆ ಜೋಡಿಸಿಟ್ಟುಕೊಂಡಿದ್ದ ವಾಕ್ಯ ಅವನಿಗೆ ಹೇಳುವಂಥದ್ದಾಗಿರಲಿಲ್ಲ. ಅವಳು ಕುರ್ಚಿ ತಿರುಗಿಸಿದಳು.

ತಮ್ಮ ಅವಳನ್ನು ನೋಡಿದ. ಕೆನ್ನೆಯ ಮೇಲಿನ ಬಿಳಿ ಬಿಳಿ ಗೆರೆ ನೋಡಿದ. ಅವನ ಮುಖ ಅರಳಿತು.

"ಅಯ್ಯೋ ಅಕ್ಕಾ! ನೀನೂ ಇಲ್ಲಿ ಮಾಡಿಸ್ಕೊಳ್ತೀಯಾ?"

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆ ಎಂದು ಅತ್ತೆಗೆ ಗೊತ್ತಿತ್ತು. ಇದು ಆ ಮುಖವಾಗಿರಲಿಲ್ಲ. ಅದೇ ಅವಳನ್ನು ಹೆದರಿಸಿತು.

"ಯಾವತ್ತಿನಿಂದ ತಗೊಂಡು ಹೋಗ್ತಾ ಇದೀಯ?"

"ನಾಲ್ಕು ದಿನ ಆಯ್ತು. ಬೈಬೇಡ ಅಕ್ಕ. ನಿಂಗೆ ಇಂಥವೆಲ್ಲ ಆಗಲ್ಲ ಅಂತ ಗೊತ್ತು, ಅದಕ್ಕೇ ಹೇಳ್ಲಿಲ್ಲ." ಅವನು ತಲೆ ಕೆರೆದುಕೊಂಡ. "ಅವಳಮ್ಮನಿಗೂ ಹೇಳಿಲ್ಲ. ಪಿಟೀಲು ಮಾತ್ರೇನೇ ನುಂಗ್ತಿರಲಿಲ್ಲ. ಮುಖ ಊದಿದೆ, ಕಪ್ಪಾಗಿದೆ, ಸತ್ತರೆ ಸಾಯ್ತೀನಿ ಅಂತ ಉಗುಳ್ತಾ ಇದ್ಲು. ಈ ಕ್ರೀಮು ತಂದ್ಕೊಟ್ರೆ ನುಂಗ್ತೀನಿ ಅಂದ್ಲು. ತಂದ್ಕೊಟ್ಟೆ. ಇದನ್ನ ಹಚ್ಚಿದ ದಿನದಿಂದ ಒಂದು ಮಾತ್ರೇನೂ ತಪ್ಪಿಸಿಲ್ಲ ನೋಡು! ನಾನೇ ಹಚ್ತೀನಿ, ನಾನೇ ಒರೆಸ್ತೀನಿ."

ಅವನ ದನಿಯಲ್ಲಿ ಹೆಮ್ಮೆಯಿತ್ತು. ಅತ್ತೆಗೆ ಅದನ್ನು ಕೇಳಲಾಗಲಿಲ್ಲ.

"ಅದರಲ್ಲಿ ಪಾದರಸ ಇದೆ ಕಣೋ."

"ಏನಿದೆ?"

"ಪಾದರಸ. ವಿಷ. ಅವಳ ಕಿಡ್ನಿ ಹಾಳು ಮಾಡಿದ್ದೇ ಆ ಕ್ರೀಮು."

ತಮ್ಮ ಹೊಳಪಮ್ಮನ ಕಡೆ ನೋಡಿದ. ಹೊಳಪಮ್ಮ ನೆಲ ನೋಡಿದಳು. ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅಂಗಿಗೆ ಜೋರಾಗಿ ಒರೆಸಿಕೊಳ್ಳತೊಡಗಿದ, ಒರೆಸುತ್ತಲೇ ಇದ್ದ.

"ನಿಂಗೆ ಯಾವಾಗ ಗೊತ್ತಾಯ್ತು?"

ಅತ್ತೆ ಕೆನ್ನೆಯ ಗೆರೆ ಒರೆಸಿಕೊಂಡಳು.

"ಅಕ್ಕಾ, ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ."

ತಮ್ಮ ಕಿರುಚಲಿಲ್ಲ. ಕಿರುಚಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಅವನು ಚಿಕ್ಕವನಿದ್ದಾಗ ಲೆಕ್ಕ ತಪ್ಪಿದರೆ ಅವಳನ್ನು ನೋಡುತ್ತಿದ್ದಂತೆಯೇ ನೋಡಿದ, ತಪ್ಪು ಎಲ್ಲಿ ಎಂದು ಅಕ್ಕನೇ ಹೇಳಿಯಾಳು ಎಂಬಂತೆ.

"ಅಕ್ಕನ ಹತ್ರ ಮಾತಾಡಿ, ನಮಗೆ ತಿಳಿಯಲ್ಲ ಅಂತ ಡಾಕ್ಟರಿಗೆ ಹೇಳಿದ್ದು ನಾನೇ," ಎಂದ. "ನಂಗೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ಪಾದರಸ ಅಂದ್ರೆ ಅಷ್ಟೂ ಅರ್ಥ ಆಗದಷ್ಟು ದಡ್ಡನಾ ನಾನು?"

ಜಗತ್ತಿನ ಅರ್ಧ ಜನರನ್ನು ದಡ್ಡರೆಂದೂ ಇನ್ನರ್ಧ ಜನರನ್ನು ಕಳ್ಳರೆಂದೂ ಕರೆದು ಆರಾಮಾಗಿ ಬದುಕಿದವಳು ಅವಳು. ಅತ್ತೆಗೆ ತನ್ನ ಮೇಲೆ ಹುಟ್ಟಿದ ತಿರಸ್ಕಾರ ಬೇರೆ ಯಾರ ಮೇಲೂ ಎಂದೂ ಹುಟ್ಟಿರಲಿಲ್ಲ. ಆದರೆ ಅದನ್ನು ಅನುಭವಿಸುತ್ತ ಕೂರಲು ಸಮಯವಿರಲಿಲ್ಲ.

"ವಾರ್ಡಿಗೆ ಹೋಗೋಣ ನಡಿ. ಮೊದಲು ಅಲ್ಲಿ ಉಳಿದಿರೋ ಕ್ರೀಮನ್ನ ಡಾಕ್ಟರ ಕೈಗೆ ಕೊಡಬೇಕು." ಅವಳು ಚಪ್ಪಲಿ ಹುಡುಕುತ್ತ ಕೇಳಿದಳು, "ಮೊನ್ನೆ ತಂದ ಡಬ್ಬಿ ಎಲ್ಲಿಟ್ಟಿದ್ದೀಯ? ಎರಡೇ ದಿನಕ್ಕೆ ಅದು ಹೇಗೆ ಖಾಲಿ ಆಯ್ತು?"

ತಮ್ಮ ಕೈ ಒರೆಸುವುದನ್ನು ನಿಲ್ಲಿಸಿದ.

"ಖಾಲಿ ಆಗಿಲ್ಲ ಅಕ್ಕ."

"ಮತ್ತೆ?"

"ಕೊಟ್ಟುಬಿಟ್ಟೆ. ಪಕ್ಕದ ಬೆಡ್ಡಲ್ಲಿ ಒಂದು ಹುಡುಗಿ ಇತ್ತಲ್ಲ, ಎಂಟೊಂಬತ್ತು ವರ್ಷದ್ದು. ಪಿಟೀಲು ಮುಖ ನೋಡಿ ಅದರಮ್ಮ ನಮಗೂ ಬೇಕು ಅಂತ ಕೇಳಿದ್ರು. ಪಾಪ ಅನ್ನಿಸ್ತು. ಹೊಸ ಡಬ್ಬೀನೇ ಕೊಟ್ಟೆ."

ಅತ್ತೆ ಆಗಲೇ ವಾರ್ಡಿನ ನಂಬರು ಒತ್ತುತ್ತಿದ್ದಳು.

"ಅವರು ಅಲ್ಲಿಲ್ಲ," ಎಂದ ತಮ್ಮ. "ಬೆಳಿಗ್ಗೆ ಆರು ಗಂಟೆಗೇ ಊರಿಗೆ ಹೋದ್ರು. ನಾನೇ ಚೀಲ ಹೊತ್ಕೊಂಡು ಹೋಗಿ ಬಸ್ಸು ಹತ್ತಿಸಿ ಬಂದೆ."

"ಯಾವೂರು?"

"ಗೊತ್ತಿಲ್ಲ. ಇಲ್ಲಿ ಲಾಡ್ಜಲ್ಲಿ ರೂಮು ಮಾಡ್ಕೊಂಡಿದ್ರು, ಆಸ್ಪತ್ರೆಗೂ ಅದೇ ವಿಳಾಸ ಕೊಟ್ಟಿದ್ರು. ಫೋನೂ ಇರಲಿಲ್ಲ ಅವರ ಹತ್ರ."

"ಬಸ್ಸಿನ ಬೋರ್ಡು ನೋಡಿದ್ಯಾ?"

ತಮ್ಮ ಇಲ್ಲವೆಂದು ತಲೆಯಾಡಿಸಿದ. ಫೋನಿನ ಆ ತುದಿಯಲ್ಲಿ ನರ್ಸು ಎರಡನೇ ಸಲ ಹಲೋ ಎನ್ನುತ್ತಿದ್ದಳು.

"ಅಕ್ಕಾ," ಎಂದ ಅವನು. "ಆ ಮಗೂಗೆ ಹುಟ್ಟಿದಾಗಿಂದ ಇರೋದು ಒಂದೇ ಕಿಡ್ನಿ ಅಂತೆ."